ದೂರದಿಂದಲೇ ತೆಗೆಯುವ ಲೆನ್ಸು

"ನಿನೊಮಿಯ ಸಾನ್ ಹೇಳ್ತಾ ಇದ್ರು..." ಎಂದು ಫುಸಾಯೆ ಬಾಯಿ ತೆರೆದರೆ ಸಾಕು, ಅವಳ ಗಂಡ ಕುವಬಾರರಿಗೆ ಬಾಯಿಗಿಟ್ಟ ಮೂಲಂಗಿ ಉಪ್ಪಿನಕಾಯಿಯೂ ಕಹಿಯಾಗುತ್ತಿತ್ತು. ನಿವೃತ್ತಿಯಾಗುವವರೆಗೆ ಬಾಲ್ ಬೇರಿಂಗ್ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರಾಗಿದ್ದ ಮನುಷ್ಯ, ಕೂದಲೆಳೆಯ ವ್ಯತ್ಯಾಸವನ್ನೂ ಬಿಟ್ಟವರಲ್ಲ. ಈಗ ಪರೀಕ್ಷಿಸಲು ಉಳಿದಿದ್ದುದು ಹೆಂಡತಿಯ ಮಾತೊಂದೇ. ಒಂದು ಊಟಕ್ಕೆ ಎಷ್ಟು ನಿನೊಮಿಯ ಬರುತ್ತವೆಂದು ಲೆಕ್ಕ ಇಡುವುದನ್ನು ಅವರು ಬೇಸಿಗೆಯಲ್ಲೇ ಕೈಬಿಟ್ಟಿದ್ದರು. (ಎಣಿಸುತ್ತಾ ಕೂತರೆ ಮಿಸೊ ಸಾರು ಆರಿ ತಣ್ಣಗಾಗುತ್ತಿತ್ತು.)

ನಿನೊಮಿಯ ಎಂಬ ಈ ಮಹಾನುಭಾವ ಕುನಿತಾಚಿ ಊರಿನಲ್ಲಿ ಇವರದೇ ಬೀದಿಯ ನಿವೃತ್ತ ಹಲ್ಲಿನ ಡಾಕ್ಟರು, ವಿಧುರ, ಭಾನುವಾರದ ಕ್ಯಾಮೆರಾ ಸಂಘದ ಗುರು. ಎಪ್ಪತ್ತು ದಾಟಿದರೂ ತಲೆ ತುಂಬ ಬೆಳ್ಳಿ ಕೂದಲು, ಕೊರಳಿಗೆ ನೀಲಿ ಮಫ್ಲರು, ಬಾಯಿ ತುಂಬ ಸ್ವಂತ ಹಲ್ಲು. ಕೂದಲನ್ನೂ ಮಫ್ಲರನ್ನೂ ಕುವಬಾರರು ಹೇಗೋ ಕ್ಷಮಿಸಿಯಾರು. ಹಲ್ಲನ್ನು ಮಾತ್ರ, ರಾತ್ರಿ ತಮ್ಮದನ್ನು ಲೋಟದ ನೀರಿಗೆ ಹಾಕಿ ಮಲಗುವ ಮನುಷ್ಯ ಹೇಗೆ ತಾನೇ ಕ್ಷಮಿಸಬೇಕು? ಅದಕ್ಕೇ ಅವರು ಆತನ ಹೆಸರಿಗೆ ಯಾವತ್ತೂ 'ಸಾನ್' ಎಂಬ ಮರ್ಯಾದೆಯ ಬಾಲ ಸೇರಿಸುತ್ತಿರಲಿಲ್ಲ. ಬೀದಿಯ ನಾಯಿಗೆ ಕೂಡ ಸಾನ್ ಎನ್ನುವ ಊರಿನಲ್ಲಿ ಇದೇನು ಸಣ್ಣ ಪ್ರತಿಭಟನೆಯಲ್ಲ.

ಫುಸಾಯೆಯ ಬಳಿ ಅಂಗೈಯಗಲದ ಒಂದು ಮಿರರ್‌ಲೆಸ್ ಕ್ಯಾಮೆರಾ ಇತ್ತು. ಸಂತೆ ಚೀಲದಲ್ಲಿ ಈರುಳ್ಳಿ ಸೊಪ್ಪಿನ ಪಕ್ಕದಲ್ಲೇ ಅದರ ವಾಸ. ಒಂದು ಸಂಜೆ ಅದರ ಮೂತಿ ಬದಲಾಗಿತ್ತು.

"ನೋಡಿ ರೀ, ಹದಿನೇಳು ಎಂ.ಎಂ. ಪ್ರೈಮ್ ಲೆನ್ಸು, ಜೂಮ್ ಇಲ್ದಿದ್ದು. ಅಕ್ಕಿ ಬಿಸ್ಕತ್ತಿನಷ್ಟು ತೆಳ್ಳಗಿದೆ! ನಿನೊಮಿಯ ಸಾನ್ ತಮ್ದನ್ನೇ ಕೊಟ್ಟಿದಾರೆ, ಸ್ವಲ್ಪ ದಿನ ಇಟ್ಕೊಂಡಿರಿ ಅಂತ. ಜೂಮ್ ಇದ್ರೆ ಮನುಷ್ಯ ಸೋಮಾರಿ ಆಗ್ತಾನಂತೆ."

"ಜೂಮ್ ಇಲ್ದೆ ದೂರದ್ದನ್ನ ಹೆಂಗೆ ತೆಗೀತೀಯ?"

"ಕಾಲಿಲ್ವಾ? ನಾವೇ ಹತ್ರ ಹೋಗೋದು."

"ಹತ್ರ ಅಂದ್ರೆ?"

"ಹತ್ರ ಅಂದ್ರೆ ಹತ್ರ. ಹತ್ರ ಹೋಗೋಕೆ ನಾಚ್ಕೋಬಾರ್ದು ಅಂತಾರೆ ನಿನೊಮಿಯ ಸಾನ್."

ಹೀಗೆಂದು ಅವಳು ಕ್ಯಾಮೆರಾದ ಹಿಂದಿನ ಪರದೆ ತೋರಿಸಿದಳು. ಅದರ ತುಂಬ ನಿನೊಮಿಯರ ನಗುಮುಖ. ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕುವಬಾರರು ಎಣಿಸಿಯೂ ಬಿಟ್ಟರು.

ಅವಳು ಸ್ನಾನಕ್ಕೆ ಹೋದದ್ದೇ ತಡ, ಪರೀಕ್ಷಕರು ಕೆಲಸಕ್ಕಿಳಿದರು. ಅನ್ನದ ಕುಕ್ಕರನ್ನು ನಿನೊಮಿಯರ ಮುಖವೆಂದು ಭಾವಿಸಿ (ಗಾತ್ರವೂ ಹೆಚ್ಚುಕಡಿಮೆ ಅಷ್ಟೇ), ಅದು ಪರದೆ ತುಂಬಬೇಕಾದರೆ ಎಷ್ಟು ಹತ್ತಿರ ಹೋಗಬೇಕೆಂದು ಟೇಪು ಹಿಡಿದು ಅಳೆದರು. ಒಂದು ಮೊಳ! ಒಂದು ಮೊಳವೆಂದರೆ ಉಸಿರು ತಾಗುವಷ್ಟು ಹತ್ತಿರ.

"ಏನ್ರೀ ಮಾಡ್ತಿದೀರ?" ಟವೆಲು ಸುತ್ತಿದ ತಲೆಯ ಫುಸಾಯೆ ಬಾಗಿಲಲ್ಲಿ ನಿಂತಿದ್ದಳು.

"ಅನ್ನ ಆಯ್ತಾ ಅಂತ ನೋಡ್ತಿದ್ದೆ."

"ಟೇಪ್ ಹಿಡ್ಕೊಂಡು?"

ಕುವಬಾರರು ಟೇಪನ್ನು ಸುತ್ತಿ ಜೇಬಿಗಿಳಿಸಿದರು. ಅವರ ತಲೆಯಲ್ಲಿ ಆಗಲೇ ಒಂದು ಮಹತ್ತರವಾದ ಉಪಾಯ ಮೊಳಕೆಯೊಡೆದಿತ್ತು. ಹತ್ತಿರ ಹೋಗಲೇಬೇಕಾದ ಲೆನ್ಸು ಇರುವಾಗ, ದೂರ ನಿಲ್ಲಲೇಬೇಕಾದ ಲೆನ್ಸೂ ಇರಲೇಬೇಕಲ್ಲ!

ಮರುದಿನವೇ ರೈಲು ಹತ್ತಿ ನಕಾನೊದ ಹಳೆಯ ಕ್ಯಾಮೆರಾಗಳ ಅಂಗಡಿಗೆ ಹೋದರು. ಗಾಜಿನ ಕಪಾಟಿನ ಹಿಂದೆ ನಿಂತಿದ್ದ ಕನ್ನಡಕದ ಮನುಷ್ಯ ಸೊಂಟದವರೆಗೆ ಬಾಗಿ ಸ್ವಾಗತಿಸಿದ.

"ದೂರ ನಿಂತು ತೆಗೆಯೋ ಲೆನ್ಸು ಬೇಕು. ಚಿಕ್ಕ ಕ್ಯಾಮೆರಾಗೆ," ಎಂದರು ಕುವಬಾರರು.

"ಹಕ್ಕಿಗಾ ಸಾರ್?"

"ಹಲ್ಲಿನ ಡಾಕ್ಟ್ರಿಗೆ."

ಅಂಗಡಿಯವನು ಇದಕ್ಕಿಂತ ವಿಚಿತ್ರವಾದದ್ದನ್ನು ಕೇಳಿರಬೇಕು, ಮುಖದ ಒಂದು ನರವೂ ಅಲುಗಲಿಲ್ಲ. ಮಖಮಲ್ಲಿನ ಬಟ್ಟೆ ಹಾಸಿ ಮೂರು ಪುಟ್ಟ ಲೆನ್ಸುಗಳನ್ನು ಸಾಲಾಗಿ ಇಟ್ಟ.

"ಇದು ಇಪ್ಪತ್ತೈದು. ಮೇಜಿನ ಆ ಕಡೆ ಕೂತೋರನ್ನ ಚೆನ್ನಾಗಿ ತೆಗೆಯುತ್ತೆ."

"ಒಂದೇ ಮೇಜಾ? ಬೇಡ ಬೇಡ."

"ಹಾಗಾದ್ರೆ ನಲವತ್ತೈದು. ಕೋಣೆಯ ಆ ಮೂಲೇಲಿ ಇದ್ರೂ ಸಾಕು."

"ಒಂದೇ ಕೋಣೆನೂ ಬೇಡಪ್ಪ!"

"ಎಪ್ಪತ್ತೈದು ಇದೆ. ಇದಕ್ಕೆ ರಸ್ತೆಯ ಆ ಬದಿಗೇ ಹೋಗಿ ನಿಲ್ಬೇಕಾಗುತ್ತೆ."

"ಕೊಡಿ!"

"ಇದರದ್ದೊಂದು ಗುಣ ಹೇಳ್ಬಿಡ್ತೀನಿ ಸಾರ್. ಯಾರಿಗೆ ಗುರಿ ಇಡ್ತೀರೋ ಅವರ ಮುಖದಲ್ಲಿ ಒಂದು ಗೆರೆನೂ ಬಿಡಲ್ಲ. ಸುತ್ತಲಿದ್ದದ್ದೆಲ್ಲ ಬೆಣ್ಣೆ ಹಂಗೆ ಕರಗಿಹೋಗುತ್ತೆ. ಮನಸ್ಸಲ್ಲಿರೋದೂ ಮುಖದಲ್ಲಿ ಕಾಣುತ್ತೆ ಅಂತಾರೆ ಗಿರಾಕಿಗಳು..."

ಕುವಬಾರರು ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಕೈ ಆಗಲೇ ಪರ್ಸಿನೊಳಗಿತ್ತು. (ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಬಿಡಿ.)

ನಿನೊಮಿಯರ ಲೆನ್ಸು ಒಂದು ಡಬ್ಬಿ ಕಸ್ತೆರಾ ಕೇಕಿನ ಜೊತೆ ವಾಪಸು ಹೋಯಿತು. ಫುಸಾಯೆ ಹೊಸ ಲೆನ್ಸನ್ನು ಎರಡು ಕೈಯಲ್ಲೂ ಹಿಡಿದು ಕಣ್ಣರಳಿಸಿದಳು.

"ಮದುವೆಯಾದಾಗ ಒಂದು ಕೊಡೆ ಕೊಡ್ಸಿದ್ದು ಬಿಟ್ರೆ ಇದೇ ಮೊದಲ ಸಲ ನೀವಾಗೇ ನನಗೇನಾದ್ರೂ ತಂದಿರೋದು! ಏನ್ ಸಮಾಚಾರ?"

"ಸಮಾಚಾರ ಏನೂ ಇಲ್ಲ. ಒಂದೇ ಷರತ್ತು. ಸಂಘದ ಪ್ರದರ್ಶನಕ್ಕೂ, ನಮ್ಮನೆ ಹೊಸ ವರ್ಷದ ಕಾರ್ಡಿಗೂ ಈ ಲೆನ್ಸಲ್ಲಿ ತೆಗೆದ ಫೋಟೋನೇ ಆಗ್ಬೇಕು. ಕಂಡೋರ ಲೆನ್ಸಿಂದು ಬೇಡ."

ಹೊಸ ವರ್ಷದ ಕಾರ್ಡೆಂದರೆ ಆ ಮನೆಯಲ್ಲಿ ಹುಡುಗಾಟವಲ್ಲ. ಫೋಟೋ ಆರಿಸುವುದು ಫುಸಾಯೆಯ ಹಕ್ಕು, ಶಾಯಿ ಅರೆದು ಕುಂಚದಲ್ಲಿ ಪ್ರತಿಯೊಂದು ವಿಳಾಸ ಬರೆಯುವುದು ಕುವಬಾರರ ಧರ್ಮ. ಅವರ ಅಕ್ಷರಕ್ಕೆ ಬೀದಿಯಲ್ಲೆಲ್ಲ ಹೆಸರಿತ್ತು.

"ಯಾವ ಫೋಟೋ ಆದ್ರೂ ಪರವಾಗಿಲ್ವಾ?"

"ಯಾವ್ದಾದ್ರೂ ಸರಿ. ನನ್ನ ಮಾತಂದ್ರೆ ಮಾತು."

ಗಿಂಕೊ ಮರಗಳು ಹಳದಿಯಾದವು. ಪ್ರತಿ ಭಾನುವಾರ ಸಂಘದವರು ವಿಶ್ವವಿದ್ಯಾಲಯದ ಬೀದಿಯುದ್ದಕ್ಕೂ ಕ್ಯಾಮೆರಾ ಹಿಡಿದು ನಡೆಯುತ್ತಿದ್ದರು. ಪ್ರತಿ ಭಾನುವಾರ ಕುವಬಾರರಿಗೂ ಆ ಕಡೆಯೇ ಏನೋ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಟೊಪ್ಪಿಗೆ, ಕಪ್ಪು ಕನ್ನಡಕ, ನೆಗಡಿಗೆ ಹಾಕುವ ಬಿಳಿ ಮಾಸ್ಕು ಧರಿಸಿ, ದಪ್ಪನೆಯ ಗಿಂಕೊ ಮರವೊಂದರ ಹಿಂದೆ ನಿಂತು ತಮ್ಮ ಲೆನ್ಸಿನ ಫಲಿತಾಂಶವನ್ನು ಪರೀಕ್ಷಿಸುತ್ತಿದ್ದರು.

ಫಲಿತಾಂಶ ಅಮೋಘವಾಗಿತ್ತು. ನಿನೊಮಿಯ ರಸ್ತೆಯ ಈ ಬದಿ, ಫುಸಾಯೆ ಆ ಬದಿ. ನಡುವೆ ಬಸ್ಸುಗಳು ಓಡಾಡುತ್ತಿದ್ದವು. ಸಂತೋಷಕ್ಕೆ ಕುವಬಾರರು ಗಾಡಿಯವನಿಂದ ಸುಟ್ಟ ಗೆಣಸು ಕೊಂಡು, ಕನ್ನಡಕ ಹಣೆಗೇರಿಸಿ, ಮಾಸ್ಕನ್ನು ಗಲ್ಲಕ್ಕಿಳಿಸಿ ದೊಡ್ಡದಾಗಿ ಬಾಯಿ ಹಾಕಿದರು. ಅಷ್ಟರಲ್ಲಿ ಫುಸಾಯೆ ಕ್ಯಾಮೆರಾ ಎತ್ತಿ ಈ ಕಡೆಗೇ ತಿರುಗಿಸಿದಳು. ಈ ಕಡೆ ಯಾರಿದ್ದಾರೆ? ಮರದ ಮುಂದೆ ನೀಲಿ ಮಫ್ಲರಿನ ನಿನೊಮಿಯ! ಆತನನ್ನು ನೋಡುತ್ತ ಅವಳು ನಗುತ್ತಿದ್ದಾಳೆ! ಕುವಬಾರರು ಕುದಿಯುವ ಗೆಣಸನ್ನು ನುಂಗಲೂ ಆಗದೆ ಉಗುಳಲೂ ಆಗದೆ, ಕಣ್ಣಲ್ಲಿ ನೀರು ತುಂಬಿಕೊಂಡು, ಮರದ ಮರೆಯಿಂದ ತಲೆ ಹೊರಚಾಚಿ ಹೆಂಡತಿಯನ್ನೇ ದುರುಗುಟ್ಟಿ ನೋಡಿದರು.

ಡಿಸೆಂಬರಿನ ಮೊದಲ ವಾರ ಸಮುದಾಯ ಭವನದಲ್ಲಿ ಪ್ರದರ್ಶನ. ಕುವಬಾರರು ಸೂಟು ತೊಟ್ಟು, ಪ್ರತಿಸ್ಪರ್ಧಿಯ ಬೆಣ್ಣೆಯಂಥ ಮುಖವನ್ನು ಗೋಡೆಯ ಮೇಲೆ ನೋಡುವ ಗಟ್ಟಿ ಮನಸ್ಸು ಮಾಡಿಕೊಂಡು ಒಳಹೊಕ್ಕರು. ಒಂದು ಫೋಟೋದ ಮುಂದೆ ಬೀದಿಯ ಅರ್ಧ ಜನ ನೆರೆದಿದ್ದರು. ಚೌಕಟ್ಟಿಗೆ ಚಿನ್ನದ ಬಣ್ಣದ ಬಹುಮಾನದ ಚೀಟಿ.

ನಿನೊಮಿಯ ಅದರಲ್ಲಿ ಇದ್ದರು, ಅಂಚಿನಲ್ಲಿ ಕರಗಿಹೋದ ಒಂದು ನೀಲಿ ಮಚ್ಚೆಯಾಗಿ. ಗಿಂಕೊ ಎಲೆಗಳೆಲ್ಲ ಕರಗಿ ಹಳದಿಯಾಗಿದ್ದವು. ನಟ್ಟನಡುವೆ ಒಂದೇ ಒಂದು ಮುಖ. ಉಬ್ಬಿದ ಕೆನ್ನೆ, ನೀರೂರಿದ ಕೆಂಡದಂಥ ಕಣ್ಣು, ಗಲ್ಲದ ಮೇಲೆ ಮಾಸ್ಕು, ಮಾಸ್ಕಿನ ಮೇಲೆ ಗೆಣಸಿನ ಚೂರು. ಗೆರೆ ಒಂದೂ ಬಿಟ್ಟುಹೋಗಿರಲಿಲ್ಲ. ಕೆಳಗೆ ಹೆಸರು: 'ಮನೆಯವರು.'

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಕುವಬಾರರು ಗಲ್ಲ ಒರೆಸಿಕೊಂಡರು. ಇಡೀ ಸಭೆ ಅವರತ್ತ ತಿರುಗಿತು.

"ಬನ್ನಿ ಬನ್ನಿ, ಕುವಬಾರ ಸಾನ್!" ನಿನೊಮಿಯ ಅಷ್ಟೂ ಹಲ್ಲು ಬಿಟ್ಟು ಬಾಗಿ ನಮಸ್ಕರಿಸಿದರು. "ನನ್ನ ಹದಿನೇಳರಲ್ಲಾಗಿದ್ರೆ ಬರೀ ಮರ ಬಂದಿರೋದು. ಇಷ್ಟೆಲ್ಲ ಲೆನ್ಸ್ ಬಿಟ್ಟು ಎಪ್ಪತ್ತೈದನ್ನೇ ಆರಿಸಿದ್ರಿ ಅಂದ್ರೆ ನೀವು ನಿಜವಾಗ್ಲೂ ಗುರುಗಳು! ಯಾಕೆ ಇದನ್ನೇ ಆರಿಸಿದ್ರಿ, ನಮ್ಗೂ ಸ್ವಲ್ಪ ಹೇಳಿ."

ಕುವಬಾರರು ಗೋಡೆ ನೋಡಿದರು, ನೆಲ ನೋಡಿದರು. "ಚಿಕ್ಕದಾಗಿತ್ತು... ಚೀಲದಲ್ಲಿ ಹಿಡಿಸುತ್ತೆ ಅಂತ," ಎಂದರು.

ಮನೆಗೆ ಬರುವ ದಾರಿಯಲ್ಲಿ ಅವರು ಹಲ್ಲು ಕಚ್ಚಿ ಕೇಳಿದರು: "ನಾನು ಅಲ್ಲಿರ್ತೀನಿ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಮೊದಲ್ನೇ ಭಾನುವಾರವೇ ಗೊತ್ತಾಯ್ತು. ಆ ಟೊಪ್ಪಿ ಹೊಲಿದಿದ್ದೇ ನಾನು." ಫುಸಾಯೆ ಅವರ ತೋಳು ಹಿಡಿದುಕೊಂಡಳು. "ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದ್ ದಿನನೂ ನನ್ನ ಕಡೆ ಹೀಗೆ ಕಣ್ಣು ಕೀಳದೆ ನೋಡಿರ್ಲಿಲ್ಲ ನೀವು. ತೆಗೀದೆ ಹೆಂಗ್ರೀ ಬಿಡ್ಲಿ?"

ಕುವಬಾರರ ಸಿಟ್ಟು ಅರ್ಧಕ್ಕೆ ಇಳಿಯಿತು. ಉಳಿದರ್ಧ ಇಳಿಯುವ ಮೊದಲೇ ಅಚ್ಚಿನಂಗಡಿಯಿಂದ ಹೊಸ ವರ್ಷದ ಕಾರ್ಡುಗಳ ಕಟ್ಟು ಮನೆಗೆ ಬಂತು. ಅಣ್ಣತಮ್ಮಂದಿರಿಗೆ, ಬಾಲ್ ಬೇರಿಂಗಿನ ಹಳೆಯ ಸಹೋದ್ಯೋಗಿಗಳಿಗೆ, ಮೀನಿನಂಗಡಿಯವರಿಗೆ, ಎಲ್ಲರಿಗೂ ಹೋಗಬೇಕಾದ ಕಾರ್ಡು. ಒಂದೊಂದರ ಮೇಲೂ ಗೆಣಸು ಕಚ್ಚಿದ ಅದೇ ಮುಖ, ಮೇಲೆ ಕೆಂಪಕ್ಷರದಲ್ಲಿ ಶುಭಾಶಯ.

"ಇದು ಬೇಡ್ವೇ ಮಾರಾಯ್ತಿ!"

"ಮಾತಂದ್ರೆ ಮಾತು ಅಂದೋರು ಯಾರು?"

ಫುಸಾಯೆ ಶಾಯಿಯ ಕಲ್ಲನ್ನೂ ಕುಂಚವನ್ನೂ ಅವರ ಮುಂದಿಟ್ಟು, ಕಟ್ಟಿನಿಂದ ಒಂದು ಕಾರ್ಡು ತೆಗೆದು ಮಗುಚಿ ಹಾಕಿದಳು.

"ಮೊದಲ್ನೇದು ನಿನೊಮಿಯ ಸಾನ್‌ಗೆ. ಕಾರ್ಡಿನ ಮೇಲೆ ಬರೀ ಸಾನ್ ಅಂತ ಬರೀಬಾರ್ದು, ಅದಕ್ಕಿಂತ ಹೆಚ್ಚಿನ ಮರ್ಯಾದೆಯ 'ಸಾಮಾ' ಅಂತ ಬರೀಬೇಕು, ನೆನಪಿದೆ ತಾನೆ? ಸ್ವಲ್ಪ ದೊಡ್ಡಕ್ಷರದಲ್ಲೇ ಬರೀರಿ. ದೂರದಿಂದ್ಲೂ ಕಾಣ್ಲಿ."