ವೆಂಕಟರಾಮು ಅವರ ಅಳತೆಯ ಕೋವಿ

ಶುಕ್ರವಾರ ಬೆಳಗ್ಗೆ ಆರು ಗಂಟೆ ನಲವತ್ತೆರಡು ನಿಮಿಷ. ಕೊಲ್ಲಿ ದೇಶದ ಅಲ್ ಹಿಲಾಲ್ ಬಡಾವಣೆಯ ಮೂರನೇ ಮಹಡಿಯ ಮನೆಯಲ್ಲಿ ವೆಂಕಟರಾಮು ಬನಿಯನ್ ತೊಟ್ಟು, ಬಲಗೈಯನ್ನು ಸರಿಯಾಗಿ ತೊಂಬತ್ತು ಡಿಗ್ರಿಗೆ ಮಡಚಿ, ಇಲ್ಲದ ಕೋವಿಯ ಇಲ್ಲದ ಟ್ರಿಗರ್ ಮೇಲೆ ತೋರುಬೆರಳಿಟ್ಟು, ಊಟದ ಮೇಜಿನ ಪಕ್ಕ ವಿಗ್ರಹದಂತೆ ನಿಂತಿದ್ದರು. ಅವರ ಮೊಣಕೈಯ ಮಡಿಕೆಯಲ್ಲಿ ಬಟ್ಟೆ ಹೊಲಿಯುವ ಟೇಪಿನ ತುದಿಯನ್ನು ಒತ್ತಿ ಹಿಡಿದಿದ್ದವರು ಧರ್ಮಪತ್ನಿ ಚೂಡಾಮಣಿ. ಒಲೆಯ ಮೇಲೆ ಹಾಲಿತ್ತು.

"ರೀ, ಈ ಟೇಪು..."

"ಮಾತಾಡ್ಬೇಡ! ನೀನು ಮಾತಾಡಿದ್ರೆ ನನ್ನ ಕೈ ಅಲುಗಾಡುತ್ತೆ."

"ಅಲ್ಲಾರೀ, ನಾನು ಹೇಳೋದು..."

"ಐದು ಸಲ ಅಳೆದು ಸರಾಸರಿ ತೆಗೀಬೇಕು. ಮುಗಿದ ಮೇಲೆ ಹೇಳು."

ನಾಲ್ಕನೇ ಅಳತೆಗೆ ಹಾಲು ಉಕ್ಕಿತು. ಐದನೆಯದಕ್ಕೆ ಒಲೆ ಆರಿತು. ಚೂಡಾಮಣಿ ಟೇಪು ಬಿಸಾಡಿ ಅಡುಗೆಮನೆಗೆ ಓಡಿದರು. ವೆಂಕಟರಾಮು ಮಾತ್ರ ವಿಜಯಸ್ತಂಭದ ಪಕ್ಕ ನಿಂತ ಚಕ್ರವರ್ತಿಯಂತೆ ಘೋಷಿಸಿದರು:

"ಮೂವತ್ತಾರು ಪಾಯಿಂಟ್ ಒಂಬತ್ತು ಸೆಂಟಿಮೀಟರ್! ವೆಂಕಟರಾಮು ತೆಗೆದ ಅಳತೆಯಲ್ಲಿ ತಪ್ಪು ಅಂತ ಇದ್ರೆ, ಹೆಚ್ಚಂದ್ರೆ ಅರ್ಧ ಮಿಲಿಮೀಟರ್!"

ಹೀಗೆ ಘೋಷಿಸುವ ಅಧಿಕಾರ ಅವರಿಗಿತ್ತು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿದವರು. ಹದಿನಾರು ವರ್ಷದಿಂದ ಮೆಸಯೀದ್‌ನ ಒಂದು ಕಾರ್ಖಾನೆಯಲ್ಲಿ ಅವರ ಕೆಲಸವೇ ಅದು: ಒತ್ತಡ ತೋರಿಸುವ ಮುಳ್ಳು ಸರಿ ತೋರಿಸುತ್ತಿದೆಯೇ, ಶಾಖ ತೋರಿಸುವ ಮುಳ್ಳು ಸುಳ್ಳು ಹೇಳುತ್ತಿದೆಯೇ ಎಂದು ಪರೀಕ್ಷಿಸಿ, ಪಾಸಾದ ಯಂತ್ರದ ಮೇಲೆ ಹಸಿರು ಚೀಟಿ ಅಂಟಿಸುವುದು. ಚೀಟಿಯ ಮೇಲೆ ತಾರೀಖು, ಸಹಿ, ಆ ಯಂತ್ರ ಹೆಚ್ಚೆಂದರೆ ಎಷ್ಟು ತಪ್ಪಬಹುದು ಎಂಬ ಅಂಕಿ. ಈ ಚಾಳಿ ಮನೆಗೂ ಬಂದಿತ್ತು. ಗೋಡೆ ಗಡಿಯಾರಕ್ಕೆ ಚೀಟಿ. ಅಡುಗೆಮನೆಯ ತಕ್ಕಡಿಗೆ ಚೀಟಿ. ಓವನ್ನಿಗೆ ಚೀಟಿ, ಅದೂ ಪ್ರತಿ ಆರು ತಿಂಗಳಿಗೆ ಹೊಸದು. "ನನ್ನ ಹಣೆಗೊಂದು ಅಂಟಿಸಿಲ್ಲ, ಅಷ್ಟೇ" ಎಂದು ಚೂಡಾಮಣಿ ನೆಂಟರ ಹತ್ತಿರ ಹೇಳಿಕೊಳ್ಳುತ್ತಿದ್ದರು.

ಇಂಥವರಿಗೆ ಕೋವಿಯ ಹುಚ್ಚು ಹಿಡಿದದ್ದು ಹೋದ ಚಳಿಗಾಲದಲ್ಲಿ. ಯಂತ್ರವೊಂದು ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಹೊಡೆದು ಪುಡಿ ಮಾಡುವ ಆಟ. ಸಹೋದ್ಯೋಗಿ ಪ್ರಶಾಂತ್ ಒಮ್ಮೆ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದೇ ನೆಪ. ಮಾರನೆಯ ದಿನದಿಂದ ವೆಂಕಟರಾಮು ಜಗತ್ತಿನ ಕೋವಿ ತಯಾರಕರ ಕ್ಯಾಟಲಾಗುಗಳನ್ನೆಲ್ಲ ಓದತೊಡಗಿದರು. ಹದಿನಾಲ್ಕು ಕೋವಿಗಳ ತೂಕ, ನಳಿಗೆಯ ಉದ್ದ, ಮರದ ಜಾತಿ ಹೋಲಿಸುವ ಕೋಷ್ಟಕ ಸಿದ್ಧವಾಯಿತು. ಎಂಟು ತಿಂಗಳ ಅಧ್ಯಯನದ ನಂತರ, ಇಂಥದ್ದನ್ನೇ ಕೊಳ್ಳುತ್ತೇನೆ ಎಂದು ಕ್ಲಬ್ಬಿಗೆ ಹೋಗಿ ಸಾರಿದರೆ, ಅಲ್ಲಿ ಕಲಿಸುವ ಉಪ್ಪಿನಂಗಡಿಯ ಶಾಫಿ ನಕ್ಕುಬಿಟ್ಟ.

"ಸ್ವಂತ ಕೋವಿ ಎಲ್ಲ ಇಲ್ಲಿ ನಮಗೆ ಮಾಫಿ, ಇಲ್ಲವೇ ಇಲ್ಲ ಸಾರ್! ಕ್ಲಬ್ಬಿನದ್ದರಲ್ಲೇ ಹೊಡೀಬೇಕು, ಹೊಡೆದು ಬೀರುವಿನಲ್ಲಿ ಇಟ್ಟು ಹೋಗ್ಬೇಕು. ಬೇಕಾದರೆ ಭುಜಕ್ಕೆ ಒತ್ತುವ ಮರದ ಹಿಡಿ ಉಂಟಲ್ಲ, ಅದನ್ನು ನಿಮ್ಮ ಅಳತೆಗೆ ಮಾಡಿಸಿ. ನಾವು ಕೂರಿಸಿ ಕೊಡ್ತೇವೆ. ಈಗಿನದ್ದು ನಿಮಗೆ ಸ್ವಲ್ಪ ಉದ್ದವೇ ಆಗ್ತದೆ."

"ಉದ್ದವೇ? ಯಾವುದರಿಂದ ಅಳೆದ್ರಿ?"

"ಕಣ್ಣಲ್ಲಿ ಸಾರ್."

ಕಣ್ಣಲ್ಲಿ! ವೆಂಕಟರಾಮು ಅವರ ರಕ್ತ ಕುದಿಯಿತು. ಕಣ್ಣಿಗೆ ಯಾರು ಹಸಿರು ಚೀಟಿ ಅಂಟಿಸಿದ್ದಾರೆ? ಆ ಸಿಟ್ಟಿನ ಫಲವೇ ಶುಕ್ರವಾರ ಬೆಳಗಿನ ಅಳತೆ. ಮೊಣಕೈಯ ಮಡಿಕೆಯಿಂದ ತೋರುಬೆರಳಿನವರೆಗೆ ಎಷ್ಟೋ, ಟ್ರಿಗರಿನಿಂದ ಹಿಡಿಯ ತುದಿಗೂ ಸುಮಾರು ಅಷ್ಟೇ ಇರಬೇಕು ಎಂಬುದು ಹಳಬರ ಲೆಕ್ಕ. ಕ್ಯಾಟಲಾಗಿನ ಪ್ರಕಾರ ಕ್ಲಬ್ಬಿನ ಕೋವಿಯದು ಮೂವತ್ತೈದೂವರೆ ಸೆಂಟಿಮೀಟರ್. ವೆಂಕಟರಾಮು ಅವರ ಕೈಯದು ಮೂವತ್ತಾರು ಪಾಯಿಂಟ್ ಒಂಬತ್ತು! ಅಂದರೆ ಕ್ಲಬ್ಬಿನ ಹಿಡಿ ಉದ್ದವಲ್ಲ, ಗಿಡ್ಡ! ತಾನು ಇಷ್ಟು ದಿನ ಗುರಿ ತಪ್ಪುತ್ತಿದ್ದುದಕ್ಕೆ ವೈಜ್ಞಾನಿಕ ಕಾರಣ ಸಿಕ್ಕಿತು ಎಂದು ಅವರು ಹಿಗ್ಗಿದರು. ಇನ್ನು ಆರು ವಾರಕ್ಕೆ ಕಂಪನಿಯ ಸ್ಪರ್ಧೆ. ಇಪ್ಪತ್ತೈದರಲ್ಲಿ ಇಪ್ಪತ್ತು ಬಿಲ್ಲೆ ಪುಡಿ ಮಾಡುತ್ತೇನೆಂದು ಇಡೀ ವಿಭಾಗಕ್ಕೆ ತಿಳಿಸಿಯೂ ಬಿಟ್ಟರು.

ಹಿಡಿ ಮಾಡಲು ಒಪ್ಪಿದವನು ನಜ್ಮಾ ಬಡಾವಣೆಯ ಪೀಠೋಪಕರಣದ ಅಂಗಡಿಯ ಬಡಗಿ ದುಗ್ಗು ಆಚಾರಿ. ಮೂಡಬಿದಿರೆಯ ಕಡೆಯವನು. ಮಾತು ಕಮ್ಮಿ, ಕೈ ಚುರುಕು. ವೆಂಕಟರಾಮು ತಂದ ಅಕ್ರೋಟಿನ ಮರವನ್ನು ಬೆರಳಿನಿಂದ ಸವರಿ ನೋಡಿ, "ಒಳ್ಳೆ ಮರ ಸಾರ್, ಇಷ್ಟು ಒಳ್ಳೆ ಮರ ಮುಟ್ಟದೆ ಮೂರು ವರ್ಷ ಆಯ್ತು" ಎಂದ. ಚೀಟಿಯಲ್ಲಿದ್ದ ಅಳತೆ ನೋಡಿ ವೆಂಕಟರಾಮು ಅವರ ಕೈ ನೋಡಿದ. ಮತ್ತೆ ಚೀಟಿ ನೋಡಿದ.

"ಸಾರ್, ಇದು ಸ್ವಲ್ಪ ಉದ್ದ..."

"ಬರೆದಷ್ಟು ಮಾಡಿ!"

ದುಗ್ಗು ಬರೆದಷ್ಟು ಮಾಡಿದ. ಕೆನ್ನೆ ತಾಗುವ ಕಡೆ ಎಂಥ ನುಣುಪು, ಅಂಗೈ ಹಿಡಿಯುವ ಕಡೆ ಎಂಥ ಬಾಗು! ಮನೆಗೆ ಬಂದ ಹಿಡಿಗೆ ಬಾಣಂತಿಯ ಆರೈಕೆ ಶುರುವಾಯಿತು. ದಿನಕ್ಕೊಂದು ಸಲ ಅಗಸೆ ಎಣ್ಣೆ. ಮರ ಬಿರಿಯಬಾರದೆಂದು ಮಲಗುವ ಕೋಣೆಯ ಎ.ಸಿ. ಇಪ್ಪತ್ತನಾಲ್ಕಕ್ಕೆ ಖಾಯಂ, ಜೊತೆಗೊಂದು ಬಟ್ಟಲು ನೀರು. ಎಣ್ಣೆಯ ವಾಸನೆ ತಾಳಲಾರದೆ ಗಂಡ ಹೆಂಡತಿ ಹತ್ತು ದಿನ ಹಾಲಿನ ಸೋಫಾಗಳ ಮೇಲೆ ಮಲಗಿದರು.

"ನನ್ನ ಬಾಣಂತನದಲ್ಲಿ ನೀವು ಒಂದು ಲೋಟ ಬಿಸಿನೀರು ಕಾಯಿಸಿ ಕೊಡ್ಲಿಲ್ಲ" ಎಂದರು ಚೂಡಾಮಣಿ.

"ಅದು ನಿನ್ನ ತವರಿನಲ್ಲಿ ಆಗಿದ್ದು!"

"ಈ ಮರದ ತವರೆಲ್ಲಿ ಅಂತ ಹೇಳಿ. ಬಸ್ಸು ಹತ್ತಿಸಿ ಕಳಿಸ್ತೀನಿ."

ಸ್ಪರ್ಧೆಯ ಶುಕ್ರವಾರ ಬಂತು. ಶಾಫಿ ಹಿಡಿ ಕೂರಿಸಿಕೊಟ್ಟು, ಒಮ್ಮೆ ಎತ್ತಿ ತೋರಿಸಿ ಎಂದ. ವೆಂಕಟರಾಮು ಎತ್ತಿದರು. ಹಿಡಿಯ ತುದಿ ಭುಜಕ್ಕೆ ಏರದೆ ಕಂಕುಳಲ್ಲಿ ಸಿಕ್ಕಿಕೊಂಡಿತು.

"ಸಾರ್, ಬೇಡ. ಇವತ್ತಿಗೆ ಹಳೆಯದ್ದರಲ್ಲೇ..."

"ಹೊಸದು. ಒಗ್ಗಬೇಕು."

ಒಗ್ಗಲಿಲ್ಲ. ಮೊದಲ ಬಿಲ್ಲೆ ಹಾರಿ, ನೆಲಕ್ಕೆ ಬಿದ್ದು, ಸುಮ್ಮನಾದ ಮೇಲೆ ಅವರ ಕೋವಿ ಭುಜ ತಲುಪಿತು. ಎರಡನೆಯದಕ್ಕೆ ಹಿಡಿ ತೋಳಿನ ಮಾಂಸಕ್ಕೆ ಒದೆಯಿತು. ಹತ್ತನೆಯದರ ಹೊತ್ತಿಗೆ ತೋಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಇಪ್ಪತ್ತೈದರಲ್ಲಿ ಪುಡಿಯಾದದ್ದು ಎರಡು. ಅದರಲ್ಲೊಂದು ಯಂತ್ರದಿಂದ ಹೊರಡುವಾಗಲೇ ಒಡೆದಿತ್ತು ಎಂದು ಪ್ರಶಾಂತ್ ವಾದಿಸಿದ. ಕ್ಲಬ್ಬಿನ ಹಳೇ ಕೋವಿಯಲ್ಲಿ ಅವನು ಹದಿನಾಲ್ಕು ಹೊಡೆದಿದ್ದ.

ವೆಂಕಟರಾಮು ಮನೆಗೆ ಬಂದು ಊಟ ಮಾಡಲಿಲ್ಲ. ಕಾಗದ ಬರೆದರು! 'ವಿಷಯ: ಅಳತೆ ಮೀರಿದ ಹಿಡಿಯಿಂದ ಆದ ಮಾನಹಾನಿ ಮತ್ತು ದೇಹಹಾನಿ' ಎಂದು ಆರಂಭವಾಗಿ ಒಂಬತ್ತು ಅಂಶಗಳಲ್ಲಿ ಮುಂದುವರಿದ ಆ ಪತ್ರ, ಹಿಡಿ, ಸಾಕ್ಷಿಗಾಗಿ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಮನೆಯ ಟೇಪು, ಎಲ್ಲವನ್ನೂ ಹೊತ್ತು ಸಂಜೆ ಐದಕ್ಕೆ ನಜ್ಮಾಕ್ಕೆ ಹೊರಟರು. ಪಕ್ಕದ ಬೀದಿಯ ದರ್ಜಿಯ ಹತ್ತಿರ ಕೆಲಸವಿದೆಯೆಂದು ಚೂಡಾಮಣಿಯೂ ಹೊಲಿಗೆ ಡಬ್ಬಿ ಹಿಡಿದು ಕಾರು ಹತ್ತಿದರು.

ಅಂಗಡಿಯ ಮಾಲೀಕ ಕಬೀರ್ ಪತ್ರವನ್ನು ಪೂರ್ತಿ ಓದಿ, ಒಳಗಿಂದ ದುಗ್ಗುವನ್ನು ಕರೆದರು.

"ಎಂತ ದುಗ್ಗು ಇದು?"

ದುಗ್ಗು ತನ್ನ ಉಕ್ಕಿನ ಟೇಪು ಎಳೆದು ಹಿಡಿಯನ್ನು ಅಳೆದ. ಮೂವತ್ತಾರು ಪಾಯಿಂಟ್ ಒಂಬತ್ತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಬರೆದಷ್ಟೇ ಉಂಟು, ಸಾರ್."

ವೆಂಕಟರಾಮು ಒಂದು ಕ್ಷಣ ತಬ್ಬಿಬ್ಬಾದರು. ಒಂದೇ ಕ್ಷಣ. "ನಿಮ್ಮ ಟೇಪಿಗೆ ಕೊನೇ ಸಲ ಪರೀಕ್ಷೆ ಆಗಿದ್ದು ಯಾವಾಗ?"

"ಟೇಪಿಗೆ... ಪರೀಕ್ಷೆಯಾ?"

"ಆಗಿಲ್ಲ! ನೋಡಿ ಕಬೀರ್ ಸಾಹೇಬ್ರೇ, ಇಲ್ಲೇ ಇದೆ ಮೂಲ!" ಅವರು ಕವರಿನಿಂದ ತಮ್ಮ ಟೇಪನ್ನು ಹೊರತೆಗೆದರು. ಅದೇ ಹಿಡಿಯನ್ನು ಅದರಲ್ಲಿ ಅಳೆದರು. ಮೂವತ್ತೊಂಬತ್ತು ಪಾಯಿಂಟ್ ನಾಲ್ಕು! "ಎರಡೂವರೆ ಸೆಂಟಿಮೀಟರ್ ವ್ಯತ್ಯಾಸ! ಇವರ ಟೇಪು ಒಂದಿಂಚು ಸುಳ್ಳು ಹೇಳ್ತಿದೆ. ಈ ಟೇಪಿನಲ್ಲಿ ಇಷ್ಟು ವರ್ಷ ಎಷ್ಟು ಜನರ ಮಂಚ, ಎಷ್ಟು ಜನರ ಬಾಗಿಲು ಹಾಳಾಗಿದೆಯೋ!"

ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು ತಮ್ಮ ಬಾಗಿಲುಗಳನ್ನು ನೆನೆದು ಕಳವಳಗೊಂಡರು. ಕಬೀರ್ ಅವರ ಮುಖ ಬಿಗಿಯಿತು. "ಖಲಾಸ್. ನಾಳೆಯಿಂದ ನೀನು ಗಿರಾಕಿಗಳ ಕೆಲಸ ಮುಟ್ಟುದು ಬೇಡ ದುಗ್ಗು. ಗೋದಾಮಿಗೆ ಹೋಗು. ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡಿ."

ದುಗ್ಗು ತಲೆ ತಗ್ಗಿಸಿ ನಿಂತ. ಅವನ ಹೆಬ್ಬೆರಳು ಮಾತ್ರ ತಾನು ಉಜ್ಜಿ ಉಜ್ಜಿ ನುಣುಪು ಮಾಡಿದ ಆ ಮರದ ಬಾಗಿನ ಮೇಲೆ ಸುಮ್ಮನೆ ಓಡಾಡುತ್ತಿತ್ತು. "ಒಳ್ಳೆ ಮರ ಇತ್ತು ಸಾರ್" ಎಂದ, ಅಷ್ಟೇ.

ಗೆದ್ದ ವೆಂಕಟರಾಮು ಅವರಿಗೆ ಏಕೋ ಗೆದ್ದಂತೆ ಅನಿಸಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ಚೂಡಾಮಣಿಯ ಸ್ವರ ಬಂತು.

"ರೀ, ನನ್ನ ಟೇಪು ನಿಮ್ಮ ಹತ್ರ ಇದೆಯಾ? ದರ್ಜಿ ಕಾಯ್ತಿದಾನೆ... ಏನಾಯ್ತು ಇಲ್ಲಿ?"

"ಇವರ ಟೇಪು ಒಂದಿಂಚು ತಪ್ಪು ತೋರಿಸ್ತಿತ್ತು. ನಾನು ಕಂಡುಹಿಡಿದೆ."

"ಅಯ್ಯೋ, ಒಂದಿಂಚು ತಪ್ಪು ತೋರಿಸೋದು ನನ್ನ ಟೇಪು!"

ಅಂಗಡಿಯಲ್ಲಿ ಗರಗಸವೂ ನಿಂತಿತು.

"ಅದಕ್ಕೆ ಮೊದಲನೇ ಇಂಚೇ ಇಲ್ವಲ್ರೀ! ಅವತ್ತು ಬೆಳಗ್ಗೆ ಹೇಳೋಕ್ಕೆ ಬಂದೆ. ಬಾಯಿ ಮುಚ್ಚು ಅಂದ್ರಿ."

"ಮಾತಾಡ್ಬೇಡ ಅಂದೆ. ಬಾಯಿ ಮುಚ್ಚು ಅನ್ನಲಿಲ್ಲ" ಎಂದರು ವೆಂಕಟರಾಮು, ಕ್ಷೀಣವಾಗಿ. ತಕ್ಷಣ ಚೇತರಿಸಿಕೊಂಡು ಗುಡುಗಿದರು: "ಅಳೆಯೋ ಸಾಧನದಿಂದ ಇಂಚು ಕತ್ತರಿಸಿದ ಅವಿವೇಕಿ ಯಾರು?"

ಚೂಡಾಮಣಿ ಹೊಲಿಗೆ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆರೆದರು. ಮುಚ್ಚಳದ ಒಳಗಡೆ ಒಂದು ಹಸಿರು ಚೀಟಿ. ದುಂಡನೆಯ ಅಕ್ಷರ. ಕಬೀರ್ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು:

"'ಟೇಪಿನ ತುದಿ ಸವೆದಿದ್ದರಿಂದ ಮೊದಲ ಇಂಚನ್ನು ಕತ್ತರಿಸಲಾಗಿದೆ. ಪ್ರತಿ ಅಳತೆಯಲ್ಲೂ ಒಂದಿಂಚು ಕಳೆಯತಕ್ಕದ್ದು. ಮರೆಯಬಾರದು. ಸಹಿ, ವೆಂಕಟರಾಮು.' ತಾರೀಖು ಎರಡು ವರ್ಷ ಹಿಂದಿನದ್ದು."

"ಆಮೇಲಾದ್ರೂ ಹೇಳಬಾರದಿತ್ತೇನೇ?"

"ಕತ್ತರಿಸಿದ್ದು ನೀವು, ಬರೆದದ್ದು ನೀವು. ಕಳೆಯೋದನ್ನೂ ನಾನು ಹೇಳಿಕೊಡಬೇಕಾ? ಕಳೆದೇ ಇರ್ತೀರಿ ಅಂದ್ಕೊಂಡೆ."

ಮೂವತ್ತಾರು ಪಾಯಿಂಟ್ ಒಂಬತ್ತರಲ್ಲಿ ಎರಡೂವರೆ ಕಳೆದರೆ ಮೂವತ್ತನಾಲ್ಕು ಪಾಯಿಂಟ್ ನಾಲ್ಕು. ಕ್ಲಬ್ಬಿನ ಹಿಡಿಯೇ ಅವರಿಗೆ ಉದ್ದವಾಗಿತ್ತು. ಶಾಫಿಯ ಕಣ್ಣು ಸರಿ, ದುಗ್ಗುವಿನ ಕಣ್ಣು ಸರಿ. ಚೀಟಿಯಿಲ್ಲದ ಎರಡು ಜೋಡಿ ಕಣ್ಣುಗಳು!

ವೆಂಕಟರಾಮು ವಿಜ್ಞಾನ ಓದಿದವರು. ಪುರಾವೆ ಎದುರಿಗಿದ್ದಾಗ ವಾದಿಸುವವರಲ್ಲ. ಒಂಬತ್ತು ಅಂಶಗಳ ಪತ್ರವನ್ನು ಕಬೀರ್ ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಅದರ ಹಿಂಬದಿಯಲ್ಲಿ ಬರೆದರು: 'ದುಗ್ಗು ಆಚಾರಿಯವರ ಟೇಪು, ಕೈ ಮತ್ತು ಕಣ್ಣು ಮೂರೂ ಸರಿಯಾಗಿವೆ. ತಪ್ಪು ನನ್ನದು.' ತಾರೀಖು ಹಾಕಿ, ಸಹಿ ಮಾಡಿ, ಆ ಇಬ್ಬರು ಗಿರಾಕಿಗಳಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ದುಗ್ಗುವಿನ ಕೈಗೆ ಕೊಟ್ಟರು. "ಕ್ಷಮಿಸಿ ಆಚಾರ್ರೇ. ಪೆಟ್ಟಿಗೆಗೆ ಮೊಳೆ ಹೊಡೆಯೋದಾದ್ರೆ ಅದು ನನ್ನ ಕೆಲಸ."

"ಬೇಡ ಮಾರಾಯ್ರೆ" ಎಂದರು ಕಬೀರ್. "ನೀವು ಅಳೆದ ಪೆಟ್ಟಿಗೆಗೆ ಸಾಮಾನು ಹಿಡಿಸ್ಲಿಕ್ಕಿಲ್ಲ. ದುಗ್ಗು, ನೀನು ನಿನ್ನ ಕೆಲಸ ಮಾಡು."

ದುಗ್ಗು ಮೊದಲ ಸಲ ನಕ್ಕ. ಹಿಡಿಯನ್ನು ಗರಗಸಕ್ಕೆ ಕೊಟ್ಟು ತುದಿಯಿಂದ ಒಂದಿಂಚು ತುಂಡರಿಸಿದ. ಬಿದ್ದ ತುಂಡನ್ನೂ ಬಿಸಾಡದೆ, ಅಂಚು ಉಜ್ಜಿ, ಮೇಣ ಹಚ್ಚಿ, "ಒಳ್ಳೆ ಮರ, ಇಟ್ಟುಕೊಳ್ಳಿ" ಎಂದು ಚೂಡಾಮಣಿಯ ಕೈಯಲ್ಲಿಟ್ಟ.

ಮಾರನೆಯ ಬೆಳಗ್ಗೆ ವೆಂಕಟರಾಮು ಎದ್ದು ಗಡಿಯಾರ ನೋಡಲು ಹಾಲಿಗೆ ಬಂದರು. ಷೋಕೇಸಿನಲ್ಲಿ, ಅವರು ಹಿಂದೆಂದೋ ಗೆದ್ದ ಚೆಸ್ ಕಪ್ಪಿನ ಪಕ್ಕದಲ್ಲಿ, ಆ ಒಂದಿಂಚಿನ ಅಕ್ರೋಟು ಮರ ಪಾಲಿಷ್ ಹೊಡೆದು ಕೂತಿತ್ತು. ಅದರ ಮೇಲೊಂದು ಹೊಚ್ಚಹೊಸ ಹಸಿರು ಚೀಟಿ. ತಾರೀಖು ಸರಿಯಾಗಿತ್ತು. ಸಹಿ ಚೂಡಾಮಣಿಯದು. ಕೆಳಗೆ, ಹೆಚ್ಚೆಂದರೆ ಎಷ್ಟು ತಪ್ಪಬಹುದು ಎಂಬ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿತ್ತು: ಅರ್ಧ ಮಿಲಿಮೀಟರ್.