ಮಾಸ್ಕಿಗೆ ಹಾಕಿದ ತೇಪೆ

ನನ್ನ ಕತ್ತರಿಯನ್ನು ನನ್ನ ಹೆಂಡತಿ ಬೀರುವಿನಲ್ಲಿಟ್ಟು ಬೀಗ ಜಡಿದಳು. ಮೀಸೆ ಮೂಡುವ ಮೊದಲೇ ಕತ್ತರಿ ಹಿಡಿದ ದರ್ಜಿ ನಾನು. ಕೆಲವು ವರ್ಷಗಳ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಮುಷ್ಕರ ಹೂಡಿದಾಗಲೂ ಬಲಗೈಯ ಕತ್ತರಿ ಬಿಟ್ಟವನಲ್ಲ. ಅಂಥ ಮಹಾಯೋಧನ ಆಯುಧವನ್ನೇ ಜಪ್ತಿ ಮಾಡಿದರೆ ಹೊಟ್ಟೆ ಉರಿಯುವುದಿಲ್ಲವೇ?

ನನ್ನ ಅಪರಾಧ ಇಷ್ಟೇ. ಮೇಷ್ಟ್ರೊಬ್ಬರ ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದಾಗ ಕಣ್ಣು ಸ್ವಲ್ಪ ಎಳೆಯಿತು. ಎಚ್ಚರವಾಗಿ ನೋಡಿದರೆ ಒಂದು ಕಾಲು ಪ್ಯಾಂಟು, ಇನ್ನೊಂದು ಕಾಲು ಚಡ್ಡಿ. (ಬೇಸಿಗೆಗೆ ಗಾಳಿಯಾಡುತ್ತದೆ ಎಂದೆ. ಮೇಷ್ಟ್ರು ಒಪ್ಪಲಿಲ್ಲ.)

"ರೀ, ರಾತ್ರಿಯೆಲ್ಲ ಮನೆ ನಡುಗೋ ಹಾಗೆ ಗೊರಕೆ ಹೊಡೀತೀರಿ, ಹಗಲೆಲ್ಲ ತೂಕಡಿಸ್ತೀರಿ. ಏನಾಗಿದೆ ನಿಮ್ಗೆ?"

"ಗೊರಕೆ? ನಾನು? ಒಂದು ದಿನಾನೂ ನನ್ನ ಕಿವಿಗೆ ಬಿದ್ದಿಲ್ವಲ್ಲೇ!"

"ಗೊರಕೆ ಹಾಳಾಗ್ಲಿ. ಮಧ್ಯೆ ಮಧ್ಯೆ ಉಸಿರೇ ನಿಂತುಹೋಗತ್ತಲ್ಲ, ಆಗ ನನ್ನ ಜೀವ ಬಾಯಿಗೆ ಬರತ್ತೆ."

ನನಗೂ ಹೆದರಿಕೆಯಾಯಿತು, ಆದರೆ ಗಂಡಸು ನೋಡಿ, ತೋರಿಸಿಕೊಳ್ಳಲಿಲ್ಲ. ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮೈಗೆಲ್ಲ ತಂತಿ ಅಂಟಿಸಿ, ಮಲಗಿಸಿ, ಪರೀಕ್ಷೆ ಮಾಡಿದರು. ಲಕ್ವ ಹೊಡೆದು ವರ್ಷಗಳಾದರೂ ಈ ತೊಂದರೆ ಹಲವರಿಗೆ ಇರುತ್ತದೆ, ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಹೀಗೇ ಬಿಟ್ಟರೆ ಲಕ್ವ ಮತ್ತೆ ಬರುವ ಅಪಾಯವೂ ಉಂಟು ಎಂದರು ಡಾಕ್ಟರು. ಮಲಗುವಾಗ ಹಾಕಿಕೊಳ್ಳಲು ಗಾಳಿ ಊದುವ ಒಂದು ಯಂತ್ರ, ಮೂಗಿಗೆ ಕಟ್ಟಿಕೊಳ್ಳುವ ಒಂದು ಮಾಸ್ಕು ಕೊಟ್ಟರು.

"ದಿನಾ ಇದನ್ನ ಹಾಕ್ಕೊಂಡು ಮಲಗಿ. ಹಗಲು ತೂಕಡಿಸೋದು ನಿಂತ ದಿನ ಕತ್ತರಿ ಕೊಡ್ತೀನಿ" ಎಂದು ಹೆಂಡತಿ ತೀರ್ಪಿತ್ತಳು. ಅಲ್ಲಿಯವರೆಗೆ ಅಂಗಡಿಯಲ್ಲಿ ಕಟಿಂಗ್ ಅವಳದು, ತೂಕಡಿಕೆ ನನ್ನದು.

ಮೊದಲ ರಾತ್ರಿಯೇ ಅವಳು ಎದ್ದು ಕೂತಳು. "ಆ ಕಡೆ ತಿರುಗಿ ಮಲಗ್ರೀ. ಮಾಸ್ಕಿಂದ ಗಾಳಿ ಬಂದು ನನ್ನ ಕತ್ತಿಗೇ ಹೊಡೀತಿದೆ."

ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದೆ. ಮಾಸ್ಕಿನ ಮುಂಭಾಗದಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳು! ಹುಳು ತಿಂದ ಮಾಲನ್ನು ನನ್ನ ತಲೆಗೆ ಕಟ್ಟಿದ್ದಾರೆ! ದರ್ಜಿಯ ಮನೆಯಲ್ಲಿ ತೂತು ಬಿದ್ದ ಸರಕೇ? ಗಾಳಿ, ನೀರು ಎರಡೂ ಹಾಯದ ಮಳೆಕೋಟಿನ ತುಂಡು ಹುಡುಕಿದೆ. ಎಡಗೈಯನ್ನು ಪೇಪರ್‌ವೇಟಿನ ಹಾಗೆ ಮೇಲಿಟ್ಟುಕೊಂಡು, ಬಟ್ಟೆ ಎರಡು ಪದರ ಮಡಚಿ, ಅಂಚು ಹೊಲಿದು, ತೂತುಗಳ ಮೇಲೆ ಅಂಟು ಬಳಿದು ಕೂರಿಸಿದೆ. ಆಹಾ, ತೇಪೆ ಅಂದರೆ ಅದು ತೇಪೆ! ಹೆಂಡತಿಗೆ ಹೇಳಲಿಲ್ಲ. ಕೆಲಸ ತಾನೇ ಮಾತಾಡಲಿ ಅಂತ.

ಮಧ್ಯಾಹ್ನ ಊಟವಾದ ಮೇಲೆ ಮಾಸ್ಕು ಕಟ್ಟಿಕೊಂಡು ಒರಗಿದೆ. ಸ್ವಲ್ಪ ಹೊತ್ತಿಗೆಲ್ಲ ತಲೆ ಧಿಮ್ಮೆಂದಿತು, ಉಸಿರು ಕಟ್ಟಿತು. ಕಿತ್ತೆಸೆದು ಎದ್ದೆ. ಯಂತ್ರವೇ ಸರಿಯಿಲ್ಲ ಎಂದು ತೀರ್ಮಾನಿಸಿ, ಹೆಂಡತಿಯನ್ನೂ ಹೊರಡಿಸಿಕೊಂಡು ಜಗಳಕ್ಕೆ ಆಸ್ಪತ್ರೆಗೆ ಹೋದೆ.

ಡಾಕ್ಟರು ಮಾಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಈ ಹೊಲಿಗೆ ಯಾರದು? ಎಷ್ಟು ನೀಟಾಗಿದೆ!"

"ನಂದೇ ಸಾರ್! ಒಂದೇ ಕೈಯಲ್ಲಿ!" ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ.

"ಯಜಮಾನ್ರೇ, ನೀವು ಬಿಟ್ಟ ಉಸಿರು ಹೊರಗೆ ಹೋಗೋಕೆ ಅಂತ ಇಟ್ಟಿರೋ ತೂತು ಅವು. ದಾರೀನೇ ಮುಚ್ಚಿಬಿಟ್ಟಿದ್ದೀರಿ. ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಂಡ್ರೆ ತಲೆ ತಿರುಗದೆ ಇನ್ನೇನಾಗತ್ತೆ? ಹಾಗೇ ನಿದ್ದೆ ಹೋಗಿದ್ರೆ ಕಷ್ಟ ಆಗ್ತಿತ್ತು."

ಹೆಂಡತಿ ಹೊಸ ಮಾಸ್ಕೊಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡಳು. ಮನೆಯ ಹೊಸಿಲು ದಾಟಿದ ಮೇಲೆ ಕೈ ಚಾಚಿದಳು.

"ಸೂಜೀನೂ ಕೊಡಿ ಇಲ್ಲಿ."

ಕೊಟ್ಟೆ. ಹೊಸ ಮಾಸ್ಕಿನ ತಂಟೆಗೆ ಹೋಗದೆ ಮಗುವಿನ ಹಾಗೆ ಮಲಗತೊಡಗಿದೆ. ನಂಬಿ, ಕೆಲವೇ ವಾರಗಳಲ್ಲಿ ತಲೆಯೊಳಗಿನ ಮಂಜೆಲ್ಲ ಕರಗಿತು. ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಒಂದು ಆಕಳಿಕೆ ಇಲ್ಲ. ಹೆಂಡತಿ ಕೊಟ್ಟ ಮಾತು ತಪ್ಪುವವಳಲ್ಲ; ಬೀರು ತೆಗೆದು ಸೂಜಿಯನ್ನೂ ಕತ್ತರಿಯನ್ನೂ ನನ್ನ ಕೈಗಿಟ್ಟಳು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬ್ಯಾಂಕಿನ ಮ್ಯಾನೇಜರು ದುಬಾರಿ ಕೋಟಿನ ಬಟ್ಟೆ ತಂದರು. ನಾನು ಕತ್ತರಿ ಝಳಪಿಸುತ್ತಾ ಎದ್ದೆ. ಅವರು ಬಟ್ಟೆಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಬೇಜಾರು ಮಾಡ್ಕೋಬೇಡಿ. ಅಮ್ಮಾವ್ರೇ ಕಟ್ ಮಾಡ್ಲಿ."

"ಸಾರ್, ನನಗೀಗ ಪೂರ್ತಿ ಎಚ್ಚರ ಇದೆ!"

"ಸಂತೋಷ. ಆದ್ರೆ ಅಮ್ಮಾವ್ರು ಕತ್ತರಿ ಹಿಡಿದ ಮೇಲೇನೇ ನೋಡಿ, ನಿಮ್ಮ ಅಂಗಡಿ ಬಟ್ಟೆ ನನ್ನ ಮೈಗೆ ಸರಿಯಾಗಿ ಕೂತಿದ್ದು."

ಹೆಂಡತಿ ಬಹಳ ವಿನಯದಿಂದ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು. ನಾನು ಅಂಗಡಿಯನ್ನು ಒಮ್ಮೆ ಕಣ್ಣರಳಿಸಿ ನೋಡಿದೆ. ಗೋಡೆಯುದ್ದಕ್ಕೂ ತೂಗಾಡುತ್ತಿದ್ದುದೆಲ್ಲ ಅವಳ ಕಟಿಂಗೇ. ಒಂದಕ್ಕೂ ಹೆಸರಿಡುವಂತಿಲ್ಲ.

ಈಗ ನಾನು ಮೂಲೆಯ ಸ್ಟೂಲಿನಲ್ಲಿ ಕೂತು ಅವಳು ಕೊಟ್ಟ ಅಂಗಿಗಳಿಗೆ ಗುಂಡಿ ಹೊಲಿಯುತ್ತೇನೆ. ಸ್ವಲ್ಪ ತೂಕಡಿಸೋಣವೆಂದರೆ ಏನು ಮಾಡಿದರೂ ನಿದ್ದೆಯೇ ಬರುತ್ತಿಲ್ಲ.