ಕಾಲು ಸೂಪು ನಿರಪರಾಧಿ ಎಂದು ಅತ್ತೆಗೆ ತಿಳಿಸಿಕೊಡುವ ಬಗ್ಗೆ

ಇಂದ:
ವೆಂಕಟರಾಯಪ್ಪ ಬಿನ್ ಮುನಿರಾಮಯ್ಯ,
ಅರ್ಜಿ ಬರಹಗಾರ,
ತಾಲ್ಲೂಕು ಕಚೇರಿ ಆವರಣದ ಮರದ ಕೆಳಗೆ,
ದೇವನಹಳ್ಳಿ, ಬೆಂಗಳೂರು ಜಿಲ್ಲೆ.
(ಹಾಲಿ: ತಮ್ಮ ಬಾಗಿಲ ಮುಂದಿನ ಸಾಲಿನಲ್ಲಿ)

ಗೆ:
ರಕ್ತದ ಕಾಯಿಲೆಯ ದೊಡ್ಡ ಡಾಕ್ಟರ್ ಸಾಹೇಬರು,
ಬೆಂಗಳೂರು.

ವಿಷಯ: ನನ್ನ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದಕ್ಕೆ ತಮ್ಮ ಇಂಜೆಕ್ಷನ್ನೇ ಕಾರಣವೆಂದೂ, ಅತ್ತೆಯವರ ಕಾಲು ಸೂಪು ಕಾರಣವಲ್ಲವೆಂದೂ ತಾವು ಖುದ್ದಾಗಿ ಹೇಳುವ ಬಗ್ಗೆ.

ಉಲ್ಲೇಖ: ೧. ೧೯೭೬ರ ದೀಪಾವಳಿ ಆಸುಪಾಸಿನ ನನ್ನ ಹೊಟ್ಟೆನೋವು.
೨. ಅದರ ಮಾರನೆಯ ದಿನದ ತಮ್ಮ ಮೌಖಿಕ ಆದೇಶ: ಎಣ್ಣೆ, ತುಪ್ಪ, ಮಾಂಸ ಬಂದ್.

ಮಾನ್ಯರೇ,

ಊರಿನವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟು ಹೊಟ್ಟೆ ಹೊರೆಯುವ ನಾನು, ಸ್ವಂತಕ್ಕೆಂದು ಬರೆಯುತ್ತಿರುವ ಮೊದಲ ಅರ್ಜಿ ಇದಾಗಿರುತ್ತದೆ. ಆದಕಾರಣ, ಉದ್ದವಾದರೆ ಬೇಸರಿಸಬಾರದು.

೧. ನನಗೆ ರಕ್ತದ ಕ್ಯಾನ್ಸರ್ ಇರುವುದು ತಮಗೆ ತಿಳಿದೇ ಇದೆ. ನನಗೆ ತಿಳಿಸಿದವರೇ ತಾವು. ನಂದಗುಡಿಯಲ್ಲಿರುವ ನನ್ನ ಅತ್ತೆ ಕದಿರಮ್ಮನವರಿಗೆ ಮಾತ್ರ ಇದು ದೊಡ್ಡ ವಿಷಯವೆನಿಸಲಿಲ್ಲ. ರಕ್ತ ಕೆಟ್ಟಿದ್ದರೆ ಹೊಸ ರಕ್ತ ಬರಿಸಿದರಾಯಿತು ಎಂದರು. ಸದರಿಯವರು ನನ್ನ ತಂದೆಯ ತಂಗಿ; ನನ್ನನ್ನು ಕಂಕುಳಲ್ಲಿ ಎತ್ತಿ ಆಡಿಸಿ, ಆಮೇಲೆ ಮಗಳು ನರಸಮ್ಮನನ್ನು ಕೊಟ್ಟು ಮದುವೆ ಮಾಡಿದವರು. ಆದ್ದರಿಂದ ನನ್ನ ಮೇಲೆ ಅವರಿಗೆ ಎರಡು ಕಡೆಯಿಂದಲೂ ಹಕ್ಕಿದೆ. ನಮ್ಮ ಕಡೆ ಬಾಣಂತಿಗಾಗಲಿ, ಕಾಲು ಮುರಿದವನಿಗಾಗಲಿ, ಜ್ವರದಿಂದ ಎದ್ದವನಿಗಾಗಲಿ ಔಷಧ ಒಂದೇ: ಕುರಿಕಾಲು ಸುಟ್ಟು, ಮೆಣಸು ಅರೆದು ಹಾಕಿ, ಸೌದೆ ಒಲೆಯಲ್ಲಿ ಕುದಿಸಿದ ಸೂಪು. ಅದನ್ನೇ ಪಾತ್ರೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸು ಹತ್ತಿ ಆಸ್ಪತ್ರೆಗೆ ಬಂದರು.

"ಕುಡೀಲಾ ವೆಂಕ್ಟಾ, ಮೂಗು ಹಿಡ್ಕೊಂಡಾದ್ರೂ ಕುಡಿ. ರಕ್ತ ಅದ್ಯಾಕ್ ಬರಲ್ವೋ ನಾನೂ ನೋಡ್ತೀನಿ" ಎಂದರು.

ನಾನು ಮೂಗು ಹಿಡಿಯಲಿಲ್ಲ. ಇನ್ನೊಂದು ಲೋಟ ಕೇಳಿ ಕುಡಿದೆ. ಅಷ್ಟು ಚೆನ್ನಾಗಿತ್ತು.

೨. ಅದೇ ವಾರ ತಾವು ಹೊಸ ಇಂಜೆಕ್ಷನ್ ಶುರು ಮಾಡಿದ್ದಿರಿ. ಹೊಟ್ಟೆಯಲ್ಲಿ ಹುಟ್ಟಿದ ನೋವು ಬೆನ್ನಿನವರೆಗೂ ಹೋಯಿತು. ಅಯ್ಯಯ್ಯೋ, ಶತ್ರುವಿಗೂ ಬೇಡ ಸ್ವಾಮಿ! ಮೇದೋಜೀರಕ ಗ್ರಂಥಿ ಊದಿದೆ ಎಂದು ತಾವು ಹೇಳಿದಿರಿ. ಅಂಥದೊಂದು ನನ್ನೊಳಗೆ ಇರುವುದೇ ನನಗೆ ಗೊತ್ತಿರಲಿಲ್ಲ. ನೋಡಲು ಬಂದಿದ್ದ ನಮ್ಮೂರ ಅಪ್ಪಯ್ಯಣ್ಣ, "ಇಷ್ಟ್ ವರ್ಷದಿಂದ ಕುರಿ ಕುಯ್ತಿದೀನಿ, ಅದ್ಯಾವ್ದೂ ನನ್ ಕಣ್ಣಿಗ್ ಬಿದ್ದಿಲ್ಲ ಕಣೋ. ನಿನಗೊಬ್ಬನಿಗೇ ಇರ್ಬೇಕು" ಎಂದು ಹೇಳಿ ಹೋದ. ನೋವಿನಲ್ಲೂ ನಗು ಬಂತು.

೩. ಈ ಇಂಜೆಕ್ಷನ್ನಿನಿಂದ ಅಪರೂಪಕ್ಕೆ ಎಲ್ಲೋ ಒಬ್ಬರಿಗೆ ಹೀಗಾಗುತ್ತದೆಂದು ತಾವು ನನ್ನ ಮಂಚದ ಬಳಿ ನಿಂತು ಹೇಳಿದಿರಿ. ಆದರೆ ಹೊರಗೆ ಬಂದು ಅತ್ತೆಯವರಿಗೆ, "ಇನ್ನು ಕೊಬ್ಬು, ಮಾಂಸ ಮುಟ್ಟಿಸಬೇಡಿ" ಎಂದಷ್ಟೇ ಹೇಳಿ ಹೊರಟುಬಿಟ್ಟಿರಿ. ಊದಿದ ಗ್ರಂಥಿಗೆ ವಿಶ್ರಾಂತಿ ಕೊಡಲು ಹೊರಡಿಸಿದ ಆದೇಶವನ್ನು ಸದರಿಯವರು ತಮ್ಮ ಸೂಪಿನ ಮೇಲಿನ ತೀರ್ಪೆಂದು ತಿಳಿದರು. "ನನ್ ಕೈಯಾರ ನಾನೇ ಹುಡುಗನ್ಗೆ ವಿಷ ಹಾಕ್ಬಿಟ್ನಲ್ಲಪ್ಪಾ" ಎಂದು ಅಲ್ಲೇ ಕುಸಿದು ಕೂತರು.

೪. ಅಂದಿನಿಂದ ಅವರು ಒಲೆ ಮುಟ್ಟಿಲ್ಲ. ನಮ್ಮ ಮನೆಗೆ ಬಂದರೂ ಜಗುಲಿ ದಾಟುವುದಿಲ್ಲ. ಮೊಮ್ಮಗಳಿಗೆ ಒಂದು ಮುದ್ದೆ ಕಟ್ಟಿಕೊಡು ಎಂದು ನರಸಮ್ಮ ಕರೆದರೆ, "ಬ್ಯಾಡ ಕಣಮ್ಮಿ, ನನ್ ಕೈ ಸರಿಯಿಲ್ಲ" ಎನ್ನುತ್ತಾರೆ. ನಂದಗುಡಿಯಲ್ಲಿ ಬಾಣಂತಿಯಿರುವ ಮನೆಯವರೆಲ್ಲ ಹುಡುಕಿಕೊಂಡು ಬರುತ್ತಿದ್ದ ಕೈ ಅದು. ಈಗ ಅವರು ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಕೂರುವುದನ್ನು ನೋಡಿದರೆ ನನಗೆ ಅಳು ಬರುತ್ತದೆ.

೫. ನೀನೇ ಹೇಳಬಾರದೇ ಎಂದು ತಾವು ಕೇಳಬಹುದು. ಹೇಳಿದೆ. ತಾವು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನೂ ಓದಿ ಹೇಳಿದೆ. "ಹೋಗ್ಲಾ, ಬೆಳೆ ಚೆನ್ನಾಗ್ ಬಂದೋರ್ಗೂ ಹಾಳಾಯ್ತು ಅಂತ ಬರ್ಕೊಡೋನು ನೀನು. ನಿನ್ ಮಾತ್ ಯಾವನ್ ನಂಬ್ತಾನೆ?" ಎಂದರು. ವೃತ್ತಿಗೆ ಸಂಬಂಧಿಸಿದ ನಿಜವಾದ ಮಾತಾದ ಕಾರಣ ತಮಗೇ ಅರ್ಜಿ ಬರೆಯಬೇಕಾಯಿತು.

೬. ಆ ಇಂಜೆಕ್ಷನ್ ನಿಲ್ಲಿಸಿ ಬೇರೆ ಔಷಧ ಕೊಡುತ್ತಿದ್ದೀರಿ. ಗ್ರಂಥಿ ತಣ್ಣಗಾಗಿದೆ, ರಕ್ತವೂ ಸುಧಾರಿಸಿದೆ, ನಾನು ಮರದ ಕೆಳಗೆ ಕೂತು ಮತ್ತೆ ಅರ್ಜಿ ಬರೆಯುತ್ತಿದ್ದೇನೆ. ಮುಂದೇನಾಗುವುದೆಂದು ತಾವೂ ಹೇಳಿಲ್ಲ, ನಾನೂ ಕೇಳಿಲ್ಲ. ಏನಾದರೂ ಆಗಲಿ, ಅದು ತನ್ನಿಂದಲೇ ಆಯಿತೆಂದು ಅತ್ತೆ ಕೊರಗಬಾರದು. ನನಗೆ ಇರುವ ಭಯ ಇದೊಂದೇ.

ಆದ್ದರಿಂದ, ತಾವು ಬಿಳಿ ಕೋಟು ಮತ್ತು ಕುತ್ತಿಗೆಯ ಸ್ಟೆತಾಸ್ಕೋಪು ಸಮೇತರಾಗಿ, ಕನ್ನಡದಲ್ಲಿ, ಸ್ವಲ್ಪ ಗಟ್ಟಿಯಾಗಿ (ಅತ್ತೆಯವರ ಎಡಗಿವಿ ಮಂದ), "ಅಮ್ಮಾ, ತಪ್ಪು ನಮ್ಮ ಇಂಜೆಕ್ಷನ್ನಿನದು, ನಿಮ್ಮ ಸೂಪಿನದಲ್ಲ" ಎಂದು ಸದರಿಯವರಿಗೆ ಹೇಳಬೇಕಾಗಿ ಪ್ರಾರ್ಥನೆ. ಒಂದೆರಡು ಮಾತು ಬೈದು ಹೇಳಿದರೂ ನನ್ನ ಆಕ್ಷೇಪಣೆಯಿಲ್ಲ. ಬೈದು ಹೇಳಿದ್ದನ್ನು ಅವರು ಬೇಗ ನಂಬುತ್ತಾರೆ.

ತಮ್ಮ ಸೂಜಿಗೂ ಅತ್ತೆಯ ಸೌಟಿಗೂ ಸಮಾನ ವಿಶ್ವಾಸಿ,
ವೆಂಕಟರಾಯಪ್ಪ

ಅಡಕಗಳು:

೧. ನಿನ್ನೆಯ ರಕ್ತಪರೀಕ್ಷೆಯ ಚೀಟಿ.

೨. ಅತ್ತೆ ಕದಿರಮ್ಮನವರು. ಮಂಡಿನೋವು ತೋರಿಸೋಣವೆಂದು ಸುಳ್ಳು ಹೇಳಿ ಕರೆತಂದಿದ್ದೇನೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಇದು ಅಸಲು, ನಕಲು ಇರುವುದಿಲ್ಲ. ಪರಿಶೀಲಿಸಿದ ನಂತರ ಜೋಪಾನವಾಗಿ ಹಿಂದಿರುಗಿಸಬೇಕಾಗಿ ಕೋರಿಕೆ.